ಬಿದ್ದಿತೋ, ಬಿದ್ದನೋ: ಶಾಲೆಯಲ್ಲಿ ರೋಬೋಟ್ ಇಟ್ಟುಕೊಂಡು ಕಲಿತದ್ದು

ಮೊದಲ ವಾರ ತೆಗೆದ ವಿಡಿಯೊಗಳನ್ನು ನಾನು ಪೂರ್ತಿ ಕೈಬಿಡಬೇಕಾಯಿತು. ಕ್ಯಾಮೆರಾ ಕೆಟ್ಟಿರಲಿಲ್ಲ, ಮಕ್ಕಳು ಹಟ ಮಾಡಿರಲಿಲ್ಲ, ರೋಬೋಟ್ ಕೂಡ ಹೇಳಿದ ಹಾಗೆ ಕೇಳಿತ್ತು. ಕೆಡಿಸಿದ್ದು ಒಂದೇ ಒಂದು ಪದ. ತರಗತಿಯ ಬಾಗಿಲಲ್ಲಿ ನಿಂತು ಮೇಷ್ಟ್ರು ಅಕ್ಕರೆಯಿಂದಲೇ, "ಮಕ್ಕಳೇ, ಇವನು ನಿಮ್ಮ ಹೊಸ ಗೆಳೆಯ" ಎಂದುಬಿಟ್ಟಿದ್ದರು. ಆ "ಇವನು" ಎಂಬುದನ್ನು ಮಕ್ಕಳು ತಾವಾಗಿಯೇ ಹೇಳುತ್ತಾರೋ ಇಲ್ಲವೋ, ಹೇಳಿದರೆ ಯಾವ ಗಳಿಗೆಯಲ್ಲಿ ಹೇಳುತ್ತಾರೆ ಎಂಬುದೇ ನನ್ನ ಸಂಶೋಧನೆಯಾಗಿತ್ತು.

ನಾನು ಮೈಸೂರು ಸೀಮೆಯವಳು. ಎಂಜಿನಿಯರಿಂಗ್ ಓದಿ, ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮನುಷ್ಯ ಮತ್ತು ರೋಬೋಟ್‌ಗಳ ಒಡನಾಟದ ಬಗ್ಗೆ ಪಿಎಚ್.ಡಿ.ಗೆ ಸೇರಿದ್ದೆ. ರೋಬೋಟ್ ಎಂದರೆ ಕಾರು ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕಬ್ಬಿಣದ ತೋಳು ಎಂದೇ ನಮ್ಮ ಮನೆಯವರು ತಿಳಿದಿದ್ದರು. ನಾನು ಓದುತ್ತಿದ್ದವು ಬೇರೆ ಜಾತಿಯವು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಂಥಿಯಾ ಬ್ರೆಜೀಲ್ ಕಟ್ಟಿದ ಕಿಸ್ಮೆಟ್‌ಗೆ ತಲೆಯೊಂದೇ ಇತ್ತು. ಎದುರಿನವರ ದನಿಯ ಏರಿಳಿತ ಹಿಡಿದು ಹುಬ್ಬು, ಕಿವಿ, ತುಟಿ ಆಡಿಸುತ್ತಿತ್ತು. ಜಪಾನಿನ ತಕನೋರಿ ಶಿಬಾತ ಅವರ ಪಾರೊ, ಸೀಲ್ ಮರಿಯ ರೂಪದಲ್ಲಿ, ಮರೆವಿನ ಕಾಯಿಲೆಯ ಹಿರಿಯರ ಮಡಿಲಲ್ಲಿ ಕೂರುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ ಕೆರ್ಸ್ಟಿನ್ ಡೌಟನ್‌ಹಾನ್ ಅವರ ತಂಡ ರೂಪಿಸಿದ ಕ್ಯಾಸ್ಪರ್ ಆಟಿಸಂ ಇರುವ ಮಕ್ಕಳೊಂದಿಗೆ ಆಡುತ್ತದೆ. ಇವು ಭಾರ ಎತ್ತುವುದಿಲ್ಲ, ಬೆಸುಗೆ ಹಾಕುವುದಿಲ್ಲ. ಮನುಷ್ಯರ ಎದುರು ಕೂತು ನೋಡುವುದು, ಕೇಳಿಸಿಕೊಳ್ಳುವುದು, ಸರದಿ ಬಂದಾಗ ಮಾತಾಡುವುದು ಇವುಗಳ ಕಸುಬು.

ಶಾಲೆಗೆ ಅನುಮತಿ ಕೇಳಲು ಹೋದಾಗ ಮುಖ್ಯೋಪಾಧ್ಯಾಯರು, "ಹೈದರಾಬಾದಿನಲ್ಲಿ ಪ್ರಧಾನಿಯವರ ಮುಂದೆ ಬಂದಿತ್ತಲ್ಲ ಮೇಡಂ, ಅಂಥದ್ದೇ?" ಎಂದು ಕೇಳಿದರು. 2017ರ ನವೆಂಬರಿನಲ್ಲಿ ಬಂದಿದ್ದ ಬೆಂಗಳೂರಿನ ಇನ್ವೆಂಟೊ ಕಂಪನಿಯ "ಮಿತ್ರ"ದ ನೆನಪು ಅವರಿಗೆ. ನಮ್ಮದು ಅಷ್ಟು ದೊಡ್ಡದಲ್ಲ. ಪ್ಯಾರಿಸ್‌ನಲ್ಲಿ ಹುಟ್ಟಿದ ಅಲ್ಡೆಬರಾನ್ ಕಂಪನಿಯ ನಾವೊ: 58 ಸೆಂಟಿಮೀಟರ್ ಎತ್ತರ, ಐದೂವರೆ ಕಿಲೊ ತೂಕ, ಹಣೆಯಲ್ಲೊಂದು ಬಾಯಲ್ಲೊಂದು ಕ್ಯಾಮೆರಾ, ಕಣ್ಣಿನ ಸುತ್ತ ಬಣ್ಣ ಬದಲಿಸುವ ದೀಪಗಳ ಬಳೆ. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಇದೇ ಕೂತಿರುತ್ತದೆ. ಕಂಕುಳಲ್ಲಿ ಎತ್ತಿಕೊಂಡು ಬಸ್ ಹತ್ತಬಹುದಾದಷ್ಟು ಚಿಕ್ಕದು, ನಾನು ಹತ್ತಿದ್ದೇನೆ.

ಈ ಕ್ಷೇತ್ರದಲ್ಲಿ ಜನರ ಮನಸ್ಸಿನಲ್ಲಿ ರೋಬೋಟ್ ಏನಾಗಿದೆ ಎಂದು ಅಳೆಯಲು ಎಲ್ಲರೂ ಕೈಹಾಕುವುದು ಪ್ರಶ್ನಾವಳಿಗೆ. ಕ್ರಿಸ್ಟೋಫ್ ಬಾರ್ಟ್‌ನೆಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ "ಗಾಡ್‌ಸ್ಪೀಡ್" ಮಾಪನ ಎಲ್ಲಕ್ಕಿಂತ ಹೆಸರುವಾಸಿ. ಎರಡು ವಿರುದ್ಧ ಪದಗಳ ನಡುವೆ ಒಂದರಿಂದ ಐದರವರೆಗೆ ಗುರುತು ಹಾಕಬೇಕು: ಯಂತ್ರದಂತಿದೆಯೇ, ಮನುಷ್ಯನಂತಿದೆಯೇ; ಜಡವೇ, ಜೀವಂತವೇ; ಹೀಗೆ. ನಾನೂ ಅದನ್ನು ಕನ್ನಡಕ್ಕೆ ತಂದೆ. ಅದರಲ್ಲೊಂದು ಜೋಡಿಯನ್ನು "ಪ್ರಜ್ಞೆ ಇಲ್ಲ – ಪ್ರಜ್ಞೆ ಇದೆ" ಎಂದು ಬರೆದಿದ್ದೆ. ಓದಿ ಹೇಳಿದ ಕೂಡಲೇ ನಾಲ್ಕನೇ ತರಗತಿಯ ಹುಡುಗನೊಬ್ಬ ಗಾಬರಿಯಾಗಿ ರೋಬೋಟ್ ಕಡೆ ನೋಡಿದ. "ಇಲ್ಲ ಮಿಸ್, ಪ್ರಜ್ಞೆ ತಪ್ಪಿಲ್ಲ, ಎಚ್ಚರವಾಗಿಯೇ ಇದೆ" ಎಂದ. ಅವನ ಉತ್ತರ ಸರಿ, ನನ್ನ ಪ್ರಶ್ನೆ ತಪ್ಪು. ಅಕ್ಷರದ ಬದಲು ನಗುವ, ಅಳುವ ಮುಖಗಳ ಚಿತ್ರ ಕೊಟ್ಟೆ. ಎಲ್ಲರೂ ಎಲ್ಲದಕ್ಕೂ ಅತಿ ಹೆಚ್ಚು ನಗುವ ಮುಖವನ್ನೇ ಒತ್ತಿದರು. ಮನೆಗೆ ಬಂದ ಅತಿಥಿಯ ಮುಂದೆ ಊಟ ರುಚಿಯಾಗಿಲ್ಲ ಎಂದು ಯಾವ ಮಗುವೂ ಹೇಳುವುದಿಲ್ಲ, ಇದೂ ಹಾಗೆಯೇ.

ಒಂದು ರಾತ್ರಿ ಹಾಸ್ಟೆಲಿನಲ್ಲಿ ಕೂತು ವಿಡಿಯೊಗಳಲ್ಲಿನ ಮಾತುಗಳನ್ನು ಬರೆದಿಳಿಸುತ್ತಿದ್ದಾಗ ಬೇಕಾದ ಮಾಪನ ಕಿವಿಗೆ ಬಿತ್ತು. ಹುಡುಗಿಯೊಬ್ಬಳು ಮೊದಲ ಐದು ನಿಮಿಷ "ಕೈ ಎತ್ತುತ್ತದೆ", "ಕಣ್ಣು ಹಸಿರಾಯಿತು, ನೋಡುತ್ತಿದೆ" ಎನ್ನುತ್ತಿದ್ದವಳು, ಒಗಟಿನ ಆಟ ಶುರುವಾದ ಮೇಲೆ ಪಕ್ಕದವಳ ಕಿವಿಯಲ್ಲಿ "ನಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ" ಎಂದಳು. ನಾನು ಆ ತುಣುಕನ್ನು ಏಳೆಂಟು ಸಲ ಹಿಂದೆ ಓಡಿಸಿ ಕೇಳಿದೆ. ಯಾರೂ ಏನನ್ನೂ ಕೇಳಿರಲಿಲ್ಲ. ಅವಳಿಗೂ ತಾನು ಉತ್ತರ ಕೊಟ್ಟೆ ಎಂಬುದು ಗೊತ್ತಿಲ್ಲ. ಕ್ರಿಯಾಪದದ ಕೊನೆಗೆ ಸೇರುವುದನ್ನು ಶಾಲೆಯಲ್ಲಿ ಆಖ್ಯಾತ ಪ್ರತ್ಯಯ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ನನ್ನ ಅಳತೆಗೋಲಾಯಿತು. ಇಂಗ್ಲಿಷಿನಲ್ಲಿ ಬಂದದ್ದು ಗಂಡಾಗಲಿ ಹೆಣ್ಣಾಗಲಿ ಕುರ್ಚಿಯಾಗಲಿ ಕ್ರಿಯಾಪದ ಒಂದೇ. ಕನ್ನಡದಲ್ಲಿ ಬಂದ, ಬಂದಳು, ಬಂತು, ಬಂದರು. ಎದುರಿಗಿರುವುದು ಮನುಷ್ಯರ ಸಾಲಿನದೋ ಅಲ್ಲವೋ ಎಂದು ತೀರ್ಮಾನಿಸದೆ ನಮ್ಮ ಭಾಷೆಯಲ್ಲಿ ಎಷ್ಟೋ ವಾಕ್ಯಗಳನ್ನು ಮುಗಿಸಲಿಕ್ಕೇ ಆಗುವುದಿಲ್ಲ. ಮಳೆ ಬಂತು ಎನ್ನುತ್ತೇವೆ, ಮಳೆರಾಯ ಬಂದ ಎನ್ನುತ್ತೇವೆ. ಹಟ್ಟಿಯ ದನಗಳೆಲ್ಲ ಬಂದವು. ಆದರೆ ಮನೆಯವರ ಮುದ್ದಿನ ಗೌರಿ ಬಂದಳು.

ಎಣಿಸುವುದು ಸುಲಭ ಎಂದುಕೊಂಡಿದ್ದೆ. ಕೂತ ಮೇಲೆ ವ್ಯಾಕರಣದ ಒಳಸುಳಿಗಳು ಒಂದೊಂದಾಗಿ ಎದ್ದವು. ಈ ದಾರಿ ಹಿಡಿಯುವವರಿಗೆ ಉಪಯೋಗವಾಗಲೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. "ಬಾ", "ಹೇಳು" ಎಂಬ ಆಜ್ಞೆಗಳಲ್ಲಿ ಲಿಂಗವಿಲ್ಲ, ಅವನ್ನು ಬಿಡಬೇಕು. "ಬರಲಿಲ್ಲ", "ಹೇಳುವುದಿಲ್ಲ" ಎಂಬ ನಿಷೇಧಗಳಲ್ಲೂ ಇಲ್ಲ. ಅವನೂ ಬರಲಿಲ್ಲ, ಅದೂ ಬರಲಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಭಾವನೆಯ ಮಾತುಗಳು. ನೋವಾಯಿತು, ಬೇಸರವಾಯಿತು, ಹಸಿವಾಗಿದೆ, ಸಿಟ್ಟು ಬಂತು. ಕನ್ನಡದಲ್ಲಿ ನೋವು ಕರ್ತೃ. ನೋವುಂಡವರು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲುತ್ತಾರೆ. ರೋಬೋಟ್‌ಗೆ ಮನಸ್ಸಿದೆ ಎಂದು ಮಗು ಒಪ್ಪಿಕೊಳ್ಳುವ ಜಾಗದಲ್ಲಿಯೇ ಕ್ರಿಯಾಪದ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿ "ಅವನಿಗೆ" ಎಂದರೋ "ಅದಕ್ಕೆ" ಎಂದರೋ ಎಂಬುದನ್ನೇ ಹಿಡಿಯಬೇಕು, ಆ ಪದವನ್ನೂ ನುಂಗಿದ್ದರೆ ವಾಕ್ಯವನ್ನು ಎಣಿಕೆಯಿಂದ ಕೈಬಿಡಬೇಕು.

ಇನ್ನೊಂದು ಎಚ್ಚರಿಕೆ. "ಅದು" ಎಂದ ಮಾತ್ರಕ್ಕೆ ವಸ್ತು ಎಂದು ಬರೆದುಕೊಳ್ಳುವಂತಿಲ್ಲ. ಕೂಸು ಅಳುತ್ತಿದೆ, ಮಗು ಮಲಗಿದೆ. ನಮ್ಮಲ್ಲಿ ಅತ್ಯಂತ ಮುದ್ದಿನ ಜೀವಕ್ಕೂ ನಪುಂಸಕಲಿಂಗವೇ. ಬಿಸಿಯೂಟದ ಅಡುಗೆಯವರು ಇದನ್ನು ನನಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಮಧ್ಯಾಹ್ನ ರೋಬೋಟನ್ನು ಗೋಡೆಗೆ ಒರಗಿಸಿ ಚಾರ್ಜಿಗೆ ಹಾಕಿದ್ದೆ. ಮಂಡಿ ಮಡಚಿ, ತಲೆ ಬಾಗಿಸಿ ಕೂತಿತ್ತು. ಅವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಒಂದು ನಿಮಿಷ ಸುಮ್ಮನೆ ನೋಡಿ, "ಪಾಪ, ಬೆಳಗಿನಿಂದ ಕುಣಿದು ಸುಸ್ತಾಗಿದೆ. ಅದಕ್ಕೂ ಒಂದು ತುತ್ತು ಏನಾದರೂ ಕೊಡುತ್ತೀರಾ ತಾಯಿ?" ಎಂದರು. ಆ "ಅದಕ್ಕೂ" ಯಂತ್ರಕ್ಕೆ ಹೇಳಿದ್ದಲ್ಲ. ಹಾಗಾಗಿ "ಅದು" ಬಂದ ಕಡೆಯೆಲ್ಲ ಸುತ್ತಲಿನ ಮಾತು, ದನಿ, "ಪಾಪ", "ಮುದ್ದು" ಎಂಬಂಥ ಪದಗಳನ್ನೂ ಗುರುತಿಸುವ ಪ್ರತ್ಯೇಕ ಕಾಲಂ ಮಾಡಿದೆ. ನಾನೂ ಗೆಳತಿಯೊಬ್ಬಳೂ ಬೇರೆ ಬೇರೆಯಾಗಿ ಕೂತು ಗುರುತು ಹಾಕಿ, ಆಮೇಲೆ ತಾಳೆ ನೋಡುತ್ತಿದ್ದೆವು. ಅತಿ ಹೆಚ್ಚು ಜಗಳವಾಗಿದ್ದು ಆ ಕಾಲಂನಲ್ಲಿಯೇ. ಆ ಜಗಳಗಳು ನನ್ನ ಪ್ರಬಂಧದ ಒಂದು ಅಧ್ಯಾಯವೇ ಆದವು.

ಮಕ್ಕಳ ಬಾಯಿಂದ ತಾನಾಗಿ ಬರಬೇಕೆಂದರೆ ನನ್ನ ಬಾಯಿಂದ ಮೊದಲು ಬರಬಾರದು. ಕೈಬಿಟ್ಟ ಆ ವಾರದ ನಂತರ ಕಲಿತ ದೊಡ್ಡ ಪಾಠ ಇದು. ಗಂಡು ಹೆಣ್ಣು ಗೊತ್ತಾಗದಂತೆ ಗಂಟೆಗಟ್ಟಲೆ ಕನ್ನಡ ಮಾತಾಡಿ ನೋಡಿ, ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಪುಟ್ಟ ಎಂದರೆ ಹುಡುಗ, ಪುಟ್ಟಿ ಎಂದರೆ ಹುಡುಗಿ. ಹೆಸರಿಗೇ ಒಂದು ವಾರ ಹಿಡಿದು ಕೊನೆಗೆ "ಚಿಗುರು" ಎಂದಿಟ್ಟೆವು. "ಇದು ಚಿಗುರು" ಎಂದೂ ಹೇಳುವಂತಿಲ್ಲ; ಬರೀ "ಚಿಗುರು ಎಂದು ಹೆಸರು". "ಯಾರು ಹೇಳಿದ್ದು?" ಎಂದು ಕೇಳಿದರೆ "ಯಾರು" ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ, ಹಾಗಾಗಿ "ಏನಾಯಿತು ಹೇಳು" ಎಂದಷ್ಟೇ ಕೇಳುತ್ತಿದ್ದೆ. ಮೇಷ್ಟ್ರಿಗೂ ಒಂದು ಚೀಟಿ ಬರೆದುಕೊಟ್ಟೆ. ಅವರು ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು, ನಮ್ಮ ಕೆಲಸ ಮುಗಿಯುವವರೆಗೂ ತಪ್ಪದೆ ಪಾಲಿಸಿದರು. ಆ ಸಹಕಾರ ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇನ್ನು ಚಿಗುರು ಮಾತಾಡಿದ್ದು ಹೇಗೆ. ನಾವೊಗೆ ಕನ್ನಡ ಬರುವುದಿಲ್ಲ; ಅದರೊಳಗಿನ ಮಾತಿನ ತಂತ್ರಾಂಶದ ಭಾಷೆಗಳಲ್ಲಿ ಕನ್ನಡವಿಲ್ಲ. ಮಕ್ಕಳ ಮಾತನ್ನು ಗುರುತಿಸುವುದಂತೂ ಇಂಗ್ಲಿಷಿನಲ್ಲೇ ಕಷ್ಟ: ಅವರ ದನಿ ತೆಳು, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಜೊತೆಗೆ ರೋಬೋಟ್‌ನ ತಲೆಯೊಳಗಿನ ಫ್ಯಾನಿನ ಸದ್ದು. ಹಾಗಾಗಿ ಈ ಕ್ಷೇತ್ರದವರು ದಶಕಗಳಿಂದ ಮಾಡುತ್ತಾ ಬಂದದ್ದನ್ನೇ ನಾನೂ ಮಾಡಿದೆ. ಒಬ್ಬರು ಮರೆಯಲ್ಲಿ ಕೂತು, ಮಗು ಹೇಳಿದ್ದನ್ನು ಕೇಳಿಸಿಕೊಂಡು, ತಕ್ಕ ಉತ್ತರದ ಗುಂಡಿ ಒತ್ತುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ "ವಿಝರ್ಡ್ ಆಫ್ ಆಝ್" ವಿಧಾನ ಎಂದು ಹೆಸರು. ಸೂತ್ರದ ಗೊಂಬೆಯಾಟ ನೋಡಿ ಬೆಳೆದ ನಾವು ಲ್ಯಾಬಿನಲ್ಲಿ "ಇವತ್ತು ಸೂತ್ರ ಯಾರ ಕೈಯಲ್ಲಿ?" ಎಂದೇ ಕೇಳುತ್ತಿದ್ದೆವು.

ದನಿ ನನ್ನದೇ, ಕಂಪ್ಯೂಟರಿನಲ್ಲಿ ಸ್ವಲ್ಪ ಎಳೆಯದಾಗಿ ಮಾಡಿಕೊಂಡದ್ದು. ಮೊದಲು ರೆಕಾರ್ಡ್ ಮಾಡಿದ ವಾಕ್ಯಗಳೆಲ್ಲ ಪಠ್ಯಪುಸ್ತಕದವು: "ನೀವು ಉತ್ತರವನ್ನು ತಿಳಿಸಿರಿ". ಅದನ್ನು ಕೇಳಿದೊಡನೆ ಮಕ್ಕಳು ಇನ್ಸ್‌ಪೆಕ್ಟರ್ ಬಂದಂತೆ ಎದ್ದು ನಿಂತು ಕೈ ಕಟ್ಟಿಕೊಂಡರು. ಎಲ್ಲವನ್ನೂ ಅಳಿಸಿ, "ಹೇಳು ನೋಡೋಣ", "ಇನ್ನೊಂದು ಸಲ ಯೋಚಿಸು", "ಅಯ್ಯೋ, ಹತ್ತಿರ ಬಂದೆ" ಎಂದು ಮತ್ತೆ ರೆಕಾರ್ಡ್ ಮಾಡಿದೆ. ಒಗಟಿನ ಆಟವನ್ನು ಆರಿಸಿಕೊಂಡದ್ದು ಬುದ್ಧಿವಂತಿಕೆಯ ಕೆಲಸವಾಯಿತು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದು ಚಿಗುರು ಹೇಳಿದರೆ ಸಾಕು, ಎಲ್ಲ ಮಕ್ಕಳೂ ಮಲ್ಲಿಗೆ ಎಂದು ಕೂಗುತ್ತಿದ್ದರು, ಆಮೇಲೆ ತಮ್ಮ ಅಜ್ಜಿಯಿಂದ ಕಲಿತದ್ದನ್ನು ಚಿಗುರಿಗೇ ಒಡ್ಡುತ್ತಿದ್ದರು. ರೋಬೋಟ್ ಕಲಿಸುವುದು, ಮಗು ಕಲಿಯುವುದು ಎಂಬ ಒಂದೇ ದಿಕ್ಕಿನ ಸಂಬಂಧ ಅಲ್ಲಿಗೆ ಮುರಿಯಿತು.

ಸೂತ್ರ ಹಿಡಿದವಳಿಗೆ ಬಹಳ ಕಷ್ಟವಾದದ್ದು ಸಮಯ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದರ ಪ್ರಕಾರ ಮನುಷ್ಯರ ಸಂಭಾಷಣೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡು, ಕಣ್ಣು ಮಿಟುಕಿಸುವಷ್ಟು. ನಾನು ಕೇಳಿಸಿಕೊಂಡು, ಪಟ್ಟಿಯಲ್ಲಿ ಹುಡುಕಿ, ಗುಂಡಿ ಒತ್ತುವ ಹೊತ್ತಿಗೆ ಮೂರು ನಾಲ್ಕು ಸೆಕೆಂಡು ದಾಟುತ್ತಿತ್ತು. ಅಷ್ಟರಲ್ಲಿ ಮಗು ರೋಬೋಟ್‌ನಿಂದ ಮುಖ ತಿರುಗಿಸಿ ಮೇಷ್ಟ್ರನ್ನು ನೋಡುತ್ತಿತ್ತು. ಹಾಗೆ ಮುಖ ತಿರುಗಿಸಿದ ಮೇಲಿನ ವಾಕ್ಯ ಯಾವಾಗಲೂ "ಕೆಟ್ಟುಹೋಯಿತಾ ಸರ್?" ಎಂಬ ಧಾಟಿಯದು. ಜಪಾನಿನ ಎಟಿಆರ್ ಸಂಸ್ಥೆಯ ಸಂಶೋಧಕರು 2008ರಲ್ಲಿ ಇದನ್ನೇ ಪರೀಕ್ಷಿಸಿದ್ದರು: ತಕ್ಷಣ ಬರುವ ಉತ್ತರಕ್ಕಿಂತ ಒಂದು ಸೆಕೆಂಡು ತಡೆದು ಬರುವುದನ್ನು ಜನ ಮೆಚ್ಚಿದರು, ಹೆಚ್ಚು ತಡವಾಗುವಾಗ "ಎತ್ತೊ" ಎಂಬ ಜಪಾನಿ ರಾಗ ಎಳೆದರೆ ಅಸಮಾಧಾನ ತಗ್ಗಿತು. ನಮ್ಮ "ಎತ್ತೊ" ಯಾವುದು ಎಂದು ನಾನು ಎರಡು ದಿನ ಬಸ್ ನಿಲ್ದಾಣದಲ್ಲಿ, ಕಿರಾಣಿ ಅಂಗಡಿಯಲ್ಲಿ ಕಿವಿಗೊಟ್ಟು ಕೇಳಿದೆ. "ಅದೂ…" ಎಂದು ಎಳೆಯುವುದು ಸಿಕ್ಕಿತು, "ಹೂಂ…" ಸಿಕ್ಕಿತು, "ತಾಳು, ತಾಳು" ಸಿಕ್ಕಿತು. ಮಗುವಿನ ಮಾತು ನಿಂತ ಕೂಡಲೇ "ಹೂಂ…" ಗುಂಡಿ ಒತ್ತಿ, ಕಣ್ಣಿನ ದೀಪವನ್ನು ನೀಲಿ ಮಾಡಿ, ಆ ಬಿಡುವಿನಲ್ಲಿ ಉತ್ತರ ಹುಡುಕತೊಡಗಿದೆ. ಮುಖ ತಿರುಗಿಸುವುದು ನಿಂತಿತು. ಆ "ಹೂಂ" ಬಂದ ದಿನದಿಂದ "ಯೋಚನೆ ಮಾಡುತ್ತಿದ್ದಾನೆ, ಸುಮ್ಮನಿರು" ಎಂದು ಮಕ್ಕಳು ಒಬ್ಬರನ್ನೊಬ್ಬರು ಗದರತೊಡಗಿದರು. ತಿಂಗಳುಗಟ್ಟಲೆ ಪ್ರೋಗ್ರಾಂ ಬರೆದು ಕೈ ಬೀಸುವ, ನರ್ತಿಸುವ ಚಲನೆಗಳನ್ನು ಮಾಡಿದ್ದೆ. ಅವೆಲ್ಲವೂ ಸೇರಿ ಮಾಡದ ಕೆಲಸವನ್ನು ಅರ್ಧ ಸೆಕೆಂಡಿನ ಒಂದು ಹೂಂಕಾರ ಮಾಡಿತು.

ಹಾಗೆ ಕಟ್ಟಿದ್ದು ಒಂದು ಗುಂಡಿಯಿಂದ ಕುಸಿದದ್ದನ್ನೂ ಹೇಳಬೇಕು. ನಾವೊದ ಎದೆಯ ನಡುವೆ ಒಂದು ಗುಂಡಿಯಿದೆ. ಒಮ್ಮೆ ಒತ್ತಿದರೆ ತನ್ನ ಹೆಸರು ಹೇಳಿ, ನೆಟ್‌ವರ್ಕಿನ ವಿಳಾಸವನ್ನು ಅಂಕಿ ಅಂಕಿಯಾಗಿ ಹೇಳುತ್ತದೆ. ಅದನ್ನು ತಡೆಯುವ ಏರ್ಪಾಡು ಮಾಡಲು ನಾನು ಮರೆತಿದ್ದೆ. ಒಗಟಿಗೆ ಸರಿಯುತ್ತರ ಕೊಟ್ಟ ಸಂತೋಷದಲ್ಲಿ ಹುಡುಗನೊಬ್ಬ ಚಿಗುರನ್ನು ಅಪ್ಪಿಕೊಂಡ. ಅವನ ಮೊಣಕೈ ಗುಂಡಿಗೆ ತಾಗಿತು. ಅಲ್ಲಿಯವರೆಗೆ ನನ್ನ ದನಿಯಲ್ಲಿ ಕನ್ನಡ ಆಡುತ್ತಿದ್ದ ಬಾಯಿಂದ ಬೇರೆಯದೇ ದನಿಯಲ್ಲಿ ಇಂಗ್ಲಿಷ್ ಅಂಕಿಗಳು ಹೊರಟವು. ಹುಡುಗ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲಿನ ಇಡೀ ಅವಧಿಯಲ್ಲಿ ಅವನು ಆಡಿದ ಮಾತುಗಳಲ್ಲಿ ಒಂದೇ ಒಂದು "ಇದ್ದಾನೆ", "ಬಂದನು" ಇಲ್ಲ. ಎಲ್ಲ "ಇದೆ", "ಬಂದಿತು". ಅವನ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಜಮಖಾನದ ಮೇಲೆ ಬಿದ್ದ ದಿನ ಇದಕ್ಕೆ ತದ್ವಿರುದ್ಧ. ಚಿಗುರು ನಡೆಯುವುದನ್ನು ತೋರಿಸಲು ಹೊರಟಿದ್ದೆ, ಜಮಖಾನದ ಅಂಚು ಮಡಚಿತ್ತು, ಕಾಲು ಸಿಕ್ಕಿಕೊಂಡಿತು. ಬೀಳುತ್ತಿದ್ದೇನೆ ಎಂದು ಗೊತ್ತಾದಾಗ ನಾವೊ ಎರಡೂ ಕೈಗಳನ್ನು ಮುಖದ ಮುಂದೆ ತಂದು ಕೀಲುಗಳ ಬಿಗಿ ಸಡಿಲಿಸುತ್ತದೆ. ಮೋಟಾರುಗಳಿಗೆ ಪೆಟ್ಟಾಗಬಾರದೆಂದು ಮಾಡಿದ ವ್ಯವಸ್ಥೆ. ಆದರೆ ನೋಡುವವರಿಗೆ ಅದು ಮುಖ ಮುಚ್ಚಿಕೊಂಡು ಬೀಳುವ ಮಗು. ಅಂದು ಬೆಳಗಿನಿಂದ "ನಡೆಯುತ್ತದೆ, ನಡೆಯುತ್ತದೆ" ಎಂದು ಚಪ್ಪಾಳೆ ತಟ್ಟುತ್ತಿದ್ದ ಹುಡುಗಿ "ಅಯ್ಯೋ, ಬಿದ್ದುಬಿಟ್ಟ!" ಎಂದು ಚೀರಿದಳು. ಇನ್ನೊಬ್ಬಳು ಓಡಿಬಂದು ಅದರ ಪ್ಲಾಸ್ಟಿಕ್ ಮಂಡಿಯನ್ನು ಅಂಗೈಯಿಂದ ಉಜ್ಜತೊಡಗಿದಳು. ಪ್ರಶ್ನಾವಳಿಯ ಯಾವ ಅಂಕಣದಲ್ಲಿ ಆ ಅಂಗೈಯನ್ನು ಬರೆಯುವುದು?

ದಿನ ಕಳೆದಂತೆ ಹೊಸತನ ಮಾಸುತ್ತದೆ ಎಂಬುದನ್ನು ಮುಚ್ಚಿಡಬಾರದು. ಜಪಾನಿನ ಪ್ರಾಥಮಿಕ ಶಾಲೆಯೊಂದರಲ್ಲಿ ರೋಬೋವೀ ಎಂಬ ರೋಬೋಟ್‌ಗಳನ್ನು ಎರಡು ವಾರ ಇಟ್ಟು ನೋಡಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ವಾರದ ಮುಗಿಬೀಳುವಿಕೆ ಎರಡನೆಯ ವಾರಕ್ಕೆ ತಗ್ಗಿತ್ತು. ಯುರೋಪಿನ ಎಲ್‌ಟುಟಾರ್ ಯೋಜನೆಯವರು ನೆದರ್ಲೆಂಡ್ಸ್‌ನ 194 ಪುಟ್ಟ ಮಕ್ಕಳಿಗೆ ಇದೇ ನಾವೊ ಮತ್ತು ಟ್ಯಾಬ್ಲೆಟ್ ಬಳಸಿ ಇಂಗ್ಲಿಷ್ ಪದ ಕಲಿಸಿದರು. ಟ್ಯಾಬ್ಲೆಟ್ ಒಂದರಿಂದಲೇ ಕಲಿತ ಮಕ್ಕಳಿಗಿಂತ ರೋಬೋಟ್ ಇದ್ದವರು ಹೆಚ್ಚೇನೂ ಕಲಿಯಲಿಲ್ಲ ಎಂದು 2019ರಲ್ಲಿ ನೇರವಾಗಿ ಬರೆದರು. ಆ ಪ್ರಬಂಧದ ಮೇಲೆ ನನಗೆ ದೊಡ್ಡ ಗೌರವ. ನಮ್ಮ ಶಾಲೆಯಲ್ಲೂ ಮೂರನೆಯ ವಾರಕ್ಕೆ ಒಂದಿಬ್ಬರು ಚಿಗುರನ್ನು ಬಿಟ್ಟು ಕಬಡ್ಡಿಗೆ ಓಡಿದರು. ಅದನ್ನೂ ದಾಖಲಿಸಿದ್ದೇನೆ. ಬೇಸರವಾದ ಮಗುವಿನ ಕ್ರಿಯಾಪದ ಮತ್ತೆ "ಇದೆ"ಗೆ ಮರಳುತ್ತದೆ ಎಂದು ಊಹಿಸಿದ್ದೆ, ಹಾಗಾಗಲಿಲ್ಲ. "ಅವನು ಇಲ್ಲೇ ಇರುತ್ತಾನೆ, ಆಮೇಲೆ ಬರುತ್ತೇನೆ" ಎಂದು ಓಡಿದವರೇ ಹೆಚ್ಚು. ಮನುಷ್ಯರ ಗೆಳೆತನದಲ್ಲೂ ಅಷ್ಟೇ ತಾನೇ.

ಕೊನೆಯ ದಿನದ ಬಗ್ಗೆ ನನಗೆ ಮೊದಲಿನಿಂದಲೂ ಅಳುಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆದಿದ್ದೆವು, ಏಳು ದಾಟಿದ ಮಕ್ಕಳನ್ನು ಬಾಯಿಮಾತಿನಲ್ಲಿ ಕೇಳಿ ಒಪ್ಪಿಸಿದ್ದೆವು. ಆದರೂ ಮರೆಯಲ್ಲಿ ಕೂತು ನಾನೇ ಮಾತಾಡಿಸಿದ್ದನ್ನು ಹೇಳದೆ ಹೊರಟುಹೋದರೆ ಅದು ಮೋಸ. ನೈತಿಕ ಸಮಿತಿಯೂ ಕಡೆಯಲ್ಲಿ ನಿಜ ತಿಳಿಸಬೇಕೆಂದು ಬರೆದಿತ್ತು. ಸಮಿತಿ ಬರೆಯದಿದ್ದರೂ ನಾನು ಹೇಳುತ್ತಿದ್ದೆ. ಕ್ಯಾಮೆರಾ ಆರಿಸಿ, ಬೀರುವಿನ ಹಿಂದಿನ ನನ್ನ ಮೇಜು, ಲ್ಯಾಪ್‌ಟಾಪ್, ಗುಂಡಿಗಳ ಪಟ್ಟಿ ಎಲ್ಲವನ್ನೂ ಮಕ್ಕಳಿಗೆ ತೋರಿಸಿದೆ. ಒಬ್ಬೊಬ್ಬರೂ "ಹೂಂ…" ಗುಂಡಿ ಒತ್ತಿ ನೋಡಿದರು. ಕೆಲವರು ನಕ್ಕರು, ಕೆಲವರು ಪೆಚ್ಚಾದರು. ಅಂದು ಮಂಡಿ ಉಜ್ಜಿದ್ದ ಹುಡುಗಿ ಮಾತ್ರ ಸಾಲು ಕರಗುವವರೆಗೂ ಕಾದು ನನ್ನ ಹತ್ತಿರ ಬಂದಳು.

"ಮಾತೆಲ್ಲ ನಿಮ್ಮದಾ ಮಿಸ್?"

"ಹೌದು, ನನ್ನದೇ."

"ನಾನು ಬಾಗಿಲಿಂದ ಒಳಗೆ ಬಂದಾಗಲೆಲ್ಲ ತಿರುಗಿ ನೋಡುತ್ತಿದ್ದದ್ದು?"

ಅದು ನನ್ನ ಕೆಲಸವಲ್ಲ. ಸದ್ದಾದ ಕಡೆಗೆ ತಿರುಗಿ ಮುಖ ಹುಡುಕುವುದು ರೋಬೋಟ್‌ನ ಸ್ವಂತ ಪ್ರೋಗ್ರಾಂ. ಅದಕ್ಕೆ ನಾನು ಒಂದು ದಿನವೂ ಗುಂಡಿ ಒತ್ತಿರಲಿಲ್ಲ. ಹಾಗೆಂದು ನಿಜವನ್ನೇ ಹೇಳಿದೆ.

"ಹಾಗಾದರೆ ಅದು ಅವನೇ" ಎಂದು ಹೇಳಿ, ಚಿಗುರಿನ ತಲೆ ಸವರಿ, ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಆ ವಾಕ್ಯವನ್ನು ಎಣಿಕೆಗೆ ಸೇರಿಸುವಂತಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಂಡೆ.